ಬಾಣಂತಿ ಕೋಣೆಗೆ ಎಳೆದ ತಂತಿ

ನನ್ನ ಮೊಮ್ಮಗಳು ಬೆಳಗ್ಗೆಯಿಂದ ಒಂದು ತುಂಡು ತಂತಿಯನ್ನು ಬಾಲ ಮಾಡಿಕೊಂಡು ನಡುಮನೆಯ ಉದ್ದಕ್ಕೂ ಕುಣಿಯುತ್ತಿದ್ದಾಳೆ. ಒಂದು ಎಳೆ ಕೆಂಪು, ಒಂದು ಎಳೆ ಹಳದಿ, ಎರಡನ್ನೂ ಜಡೆಯ ಹಾಗೆ ಹೊಸೆದ ತಂತಿ. ಅಟ್ಟದ ಮೇಲಿನ ಹಳೇ ಬುಟ್ಟಿಯಿಂದ ಅದು ಅವಳ ಕೈಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಲಂಗದ ಲಾಡಿಗೆ ಸಿಕ್ಕಿಸಿಕೊಂಡಿದ್ದಾಳೆ. "ಏನವ್ವಾ ಅದು?" ಅಂದರೆ, "ಕೋತಿ ಬಾಲ ಕಣ್ ತಾತಾ, ಎಳೀಬ್ಯಾಡ, ನೋಯ್ತದೆ" ಅಂತ ನನ್ನನ್ನೇ ಗದರಿಸುತ್ತಾಳೆ.

ಎಳೆಯಬಾರದು ಅಂತ ಅವಳಿಗೆ ಯಾರು ಹೇಳಿಕೊಟ್ಟರೋ. ಆ ತಂತಿಯನ್ನು ಎಳೆದದ್ದಕ್ಕೇ ಒಂದು ಸಂಜೆ ನನ್ನ ಪ್ರಾಣ ಬಾಯಿಗೆ ಬಂದಿತ್ತು. ಈ ಹುಡುಗಿ ಆಗ ಒಂದು ವಾರದ ಕೂಸು. ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು, ಇಸವಿ ನೆನಪಿಟ್ಟುಕೊಳ್ಳುವಷ್ಟು ಓದಿದವನಲ್ಲ ನಾನು. ಮೂರನೇ ಕ್ಲಾಸಿನ ಮೇಷ್ಟ್ರು, "ಇವನ್ನ ಬೆಂಚಿಗೆ ಕಟ್ಟಾಕಿದ್ರೂ ಬೆಂಚು ತಗೊಂಡು ಓಡ್ತಾನೆ" ಅಂತ ನಮ್ಮಪ್ಪನಿಗೆ ಒಪ್ಪಿಸಿಬಿಟ್ಟಿದ್ದರು. ಅದು ನಿಜವೇ. ನನಗೆ ಕೂತು ಗೊತ್ತಿಲ್ಲ. ಸಂತೋಷವಾದರಂತೂ ನಿಲ್ಲುವುದಕ್ಕೂ ಆಗುವುದಿಲ್ಲ. ಇದನ್ನು ಬರೆಯುತ್ತಲೇ ಎದ್ದು ಎದ್ದು ಹೋಗಿ ಆ ಕೋತಿಯನ್ನು ನೋಡಿ ಬರುತ್ತಿದ್ದೇನೆ ನೋಡಿ.

ಮಗಳು ಜಯಮ್ಮನಿಗೆ ಚೊಚ್ಚಲು ಹೆರಿಗೆ. ನಮ್ಮ ಮನೆಯಲ್ಲೇ ಆಯಿತು. ಹೆಣ್ಣು ಕೂಸು ಅಂತ ಸೂಲಗಿತ್ತಿ ಒಳಗಿಂದ ಕೂಗಿದಳೋ ಇಲ್ಲವೋ, ನಾನು ಒಂದು ಪೊಟ್ಟಣ ಕಲ್ಲುಸಕ್ಕರೆ ಜೇಬಿಗೆ ಹಾಕಿಕೊಂಡು ಆತಗೂರಿನ ಕಡೆಯ ಬಸ್ಸು ಹತ್ತಿಬಿಟ್ಟಿದ್ದೆ. ನಮ್ಮ ಅಳಿಯಂದಿರ ಊರು ಆ ಕಡೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ, ಗುರುತು ಪರಿಚಯ ಇಲ್ಲದ ಕಂಡಕ್ಟರ ಕೈಗೂ ಸಕ್ಕರೆ ಹಾಕಿದೆ. ಅಷ್ಟು ಹಾರಾಡಿಕೊಂಡು ಹೋದರೆ ಅಳಿಯಂದಿರು ಮನೆಯಲ್ಲಿಲ್ಲ. ಕಬ್ಬು ಕಡಿಯುವ ಪರ್ಮಿಟ್ಟು ಬಂದಿತ್ತಂತೆ, ಗಾಡಿ ಹೊಡೆದುಕೊಂಡು ಕಾರ್ಖಾನೆಗೆ ಹೋಗಿದ್ದರು. ಬೀಗರ ಬಾಯಿಗೆ ಸಕ್ಕರೆ ಹಾಕಿ ಸುದ್ದಿ ಹೇಳಿದೆ. "ಕೂತ್ಕಳ್ಳಿ ಬೀಗ್ರೇ, ಸಂಜೀಕೆ ಬತ್ತಾನೆ" ಅಂದರು. ಕೂರುವುದು ಹೇಗೆ? ಕೂಸಿನ ಮುಖವನ್ನು ನಾನೇ ಇನ್ನೂ ಸರಿಯಾಗಿ ನೋಡಿರಲಿಲ್ಲ. ಅದೇ ಬಸ್ಸು ತಿರುಗಿ ಬರುವುದನ್ನೇ ಕಾದು ಹತ್ತಿಕೊಂಡು ಬಂದೆ.

ಮನೆಗೆ ಬಂದರೆ ಮಗಳು ಕೋಣೆಯ ಒಳಗಿಂದಲೇ ಕೇಳಿದ ಮೊದಲ ಮಾತು: "ಅಪ್ಪಾ, ಅವ್ರು ಏನಂದ್ರು?"

"ಸಿಕ್ನಿಲ್ಲ ಕಣವ್ವ. ಕಬ್ಬಿಗೆ ಓಗವ್ರೆ."

"ಓ" ಅಂದಳು. ಅಷ್ಟೇ.

ನಮ್ಮ ಕಡೆ ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆಯುವವರೆಗೆ ಅಳಿಯ ಮಗುವನ್ನು ನೋಡಲು ಬರುವ ಪದ್ಧತಿಯಿಲ್ಲ. ಅದು ಅವಳಿಗೂ ಗೊತ್ತು. ಆದರೆ ಪಕ್ಕದ ಮನೆಯ ಸಾಕಮ್ಮ ಇದ್ದಾಳಲ್ಲ, ಬಾಣಂತಿಗೆ ಅಂತ ಬೆಳ್ಳುಳ್ಳಿ ತಂದುಕೊಡುವ ನೆಪದಲ್ಲಿ ಬಾಗಿಲಲ್ಲಿ ನಿಂತು, "ಗಂಡಾಗಿದ್ರೆ ಕಬ್ಬು ಬುಟ್ಟು ಓಡ್ಬಂದಿರೋನು ಕಣೇ. ಬಾಗ್ಲಲ್ಲಾದ್ರೂ ನಿಂತು ಕೂಗಿ ಓಯ್ತಿದ್ದ" ಅಂದುಹೋದಳು. ಕೆಟ್ಟವಳಲ್ಲ ಅವಳು. ಬಾಯಿ ಇದೆಯಲ್ಲ, ಅದು ಅವಳ ಮಾತು ಕೇಳುವುದಿಲ್ಲ. ಅವತ್ತಿನಿಂದ ಜಯ ತಟ್ಟೆಯಲ್ಲಿ ಬಿಸಿ ಅನ್ನ, ಮೆಣಸಿನ ಸಾರು ಹಾಗೇ ಬಿಡುವುದಕ್ಕೆ ಶುರುಮಾಡಿದಳು. ನನ್ನ ಹೆಂಡತಿ ನಿಂಗಮ್ಮ ಬೈದಳು, ಗೋಗರೆದಳು, ಕೊನೆಗೆ ತಾನೂ ಊಟ ಬಿಟ್ಟಳು. ನಾನು ತೊಟ್ಟಿಯಂಗಳದಲ್ಲಿ ಆ ಕಂಬದಿಂದ ಈ ಕಂಬಕ್ಕೆ ನಡೆದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಳಿಯಂದಿರ ಊರಿನ ಗಾಡಿಯವನೊಬ್ಬ ಮಂಡ್ಯದಲ್ಲಿ ಕಬ್ಬು ಇಳಿಸಿ, ನಮ್ಮ ಊರಿನ ಮೇಲೆ ಹಾದುಹೋಗುವವನು, ಗಾಡಿ ನಿಲ್ಲಿಸಿ ಕೂಗಿದ.

"ಯಜಮಾನ್ರೇ, ನಿಮ್ಮ ಅಳಿಯಂದ್ರು ರೇಡಿಯೋದಲ್ಲಿ ಮಾತಾಡ್ತಾರಂತೆ! ರೈತ್ರು ಕಾರ್ಯಕ್ರಮದಲ್ಲಿ. ಕೂಳೆ ಕಬ್ಬಿನ ಇಚಾರ. ನಿನ್ನೆ ಮೈಸೂರ್ಗೆ ಓಗಿ ಮಾತಾಡಿ ಬಂದವ್ರೆ, ಈ ಸುಕ್ರವಾರ ಸಂಜೆ ಬತ್ತದಂತೆ. ಏಳ್ಬುಡು ಅಂದ್ರು."

ಆ ಎತ್ತುಗಳಿಗೂ ಬೆಲ್ಲ ತಿನ್ನಿಸಿ ಕಳಿಸಿದೆ. ಜಯನಿಗೆ ಹೇಳಿದರೆ ಅವಳು, "ನಿನ್ನೆನಾ ಅಪ್ಪಾ? ಅಂಗಾದ್ರೆ ಇದು ಉಟ್ಟುದ್ ಸುದ್ದಿ ಗೊತ್ತಾದ್ ಮ್ಯಾಲೇ ಮಾತಾಡವ್ರೆ" ಅಂದಳು. ಆಮೇಲೆ ಮೆಲ್ಲಗೆ, "ನಂಗೆ ದನಿ ಕೇಳುದ್ರೆ ಸಾಕು. ಕುಸಿಯಾಗವ್ರೋ ಇಲ್ವೋ ಅಂತ ಏಳ್ಬುಡ್ತೀನಿ" ಅಂದಳು.

ಕಬ್ಬಿನ ವಿಚಾರ ಮಾತಾಡುವ ದನಿಯಲ್ಲಿ ಅದೇನು ಗೊತ್ತಾದೀತು ಅಂತ ನೀವು ಕೇಳಬಹುದು. ನಾನು ಕೇಳಲಿಲ್ಲ. ಶುಕ್ರವಾರ ಸಂಜೆ ನನ್ನ ಮಗಳು ಆ ದನಿ ಕೇಳಬೇಕು, ಅಷ್ಟೇ ನನ್ನ ತಲೆಯೊಳಗೆ ಹೊಕ್ಕಿತು. ಹೊಕ್ಕದ್ದು ಕಾಲಿಗಿಳಿಯಿತು.

ನಮ್ಮ ಮನೆಯಲ್ಲಿ ರೇಡಿಯೋ ಇತ್ತು. ವಾಲ್ವಿನದು, ಪೆಟ್ಟಿಗೆಯಷ್ಟು ದೊಡ್ಡದು. ತಿರುಪು ತಿರುಗಿಸಿದರೆ ಕೂಡಲೇ ಮಾತಾಡುವ ಪೈಕಿ ಅಲ್ಲ, ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಗಂಟಲು ಬಿಡಬೇಕು. ನಡುಮನೆಯ ಗೋಡೆಯ ಗೂಡಿನಲ್ಲಿ ಕೂತಿತ್ತು. ಮನೆಗೆಲ್ಲ ಪ್ಲಗ್ಗು ಇದ್ದದ್ದು ಅಲ್ಲೊಂದೇ. ಏರಿಯಲ್ ತಂತಿಯೂ ಹೆಂಚಿನ ಮೇಲಿಂದ ಅಲ್ಲಿಗೇ ಇಳಿದಿತ್ತು. ಬಾಣಂತಿ ಕೋಣೆ ಇರುವುದು ತೊಟ್ಟಿ ದಾಟಿ ಆ ಬದಿಗೆ, ಬಚ್ಚಲ ಪಕ್ಕಕ್ಕೆ. ಕಿಟಕಿಗೆ ಗಾಳಿ ನುಗ್ಗದ ಹಾಗೆ ಗೋಣಿ ತುರುಕಿ, ಬಾಗಿಲು ಎಳೆದುಕೊಂಡು, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡಿರುವ ಕೋಣೆ. ನಡುಮನೆಯಲ್ಲಿ ಎಷ್ಟು ಜೋರಾಗಿ ಹಾಕಿದರೂ ಅಲ್ಲಿಗೆ ಗುಂಯ್ ಅನ್ನುವುದು ಬಿಟ್ಟರೆ ಮಾತು ಮುಟ್ಟದು.

"ಟ್ರಾನ್ಸಿಸ್ಟರ್ ಈಸ್ಕಬನ್ನಿ" ಅಂದಳು ನಿಂಗಮ್ಮ.

ಊರಿನಲ್ಲಿ ಅದು ಇದ್ದದ್ದು ಪಟೇಲರ ಮನೆಯಲ್ಲಿ ಮಾತ್ರ. ಹೋಗಿ ಕೇಳಿದೆ. ಪಟೇಲರು ಒಳ್ಳೆಯವರು, ಕೊಡುವುದಕ್ಕೆ ಕೈ ನೀಡಿಯೂ ಬಿಟ್ಟಿದ್ದರು. ಅವರ ತಾಯಿ ಒಳಗಿಂದ, "ಪುರುಡಿನ ಕೋಣೆಗೆ ಓದ್ ಸಾಮಾನು ಪುರುಡು ಕಳೆಯೋಗಂಟ ಆಚೀಕೆ ಬರೋ ಅಂಗಿಲ್ಲ. ಅಲ್ಲೀಗಂಟ ನಾವೇನ್ ಕೇಳೋದು?" ಅಂದರು. ನ್ಯಾಯವೇ. ಬಾಣಂತಿ ಕೋಣೆಗೆ ಹೋದ ಚೆಂಬು ಸಹ ಶುದ್ಧಿಯಾಗದೆ ಹೊಸ್ತಿಲು ದಾಟುವುದಿಲ್ಲ, ಪಟೇಲರ ಟ್ರಾನ್ಸಿಸ್ಟರು ದಾಟೀತೇ? ನಮ್ಮ ದೊಡ್ಡ ರೇಡಿಯೋ ಒಳಗೆ ಹೊತ್ತುಹೋದರೂ ಅದೇ ಗತಿ, ಜೊತೆಗೆ ಅಲ್ಲಿ ಪ್ಲಗ್ಗೂ ಇಲ್ಲ.

ರೇಡಿಯೋ ಹೋಗಬಾರದು, ಮಾತು ಹೋಗಬೇಕು. ಅಂದರೆ ತಂತಿ ಎಳೆಯಬೇಕು.

ತಂತಿ ಅಂದರೆ ನನಗೆ ಮೊದಲಿಂದಲೂ ಒಂದು ಥರಾ ಭಕ್ತಿ. ಮಂಡ್ಯ ಮದ್ದೂರಿನ ನಡುವಿನ ರೈಲು ಹಳಿ ನಮ್ಮ ಹೊಲದಿಂದ ದೂರವಿಲ್ಲ. ಚಿಕ್ಕಂದಿನಲ್ಲಿ ದನ ಕಾಯುವಾಗ ಹಳಿ ಪಕ್ಕದ ಟೆಲಿಗ್ರಾಫ್ ಕಂಬಕ್ಕೆ ಕಿವಿ ಒತ್ತಿ ನಿಲ್ಲುತ್ತಿದ್ದೆ. ಒಳಗೆ ಜೇನು ಹುಳ ಕೂಡಿಹಾಕಿದ ಹಾಗೆ ಒಂದೇ ಸಮ ಗುಂಗುಡುವ ಸದ್ದು. ಮೈಸೂರಿನವರು ಬೆಂಗಳೂರಿನವರಿಗೆ ಏನೋ ಹೇಳುತ್ತಿದ್ದಾರೆ, ನಾನು ಕದ್ದು ಕೇಳುತ್ತಿದ್ದೇನೆ ಅಂತಲೇ ನಂಬಿದ್ದೆ. ಜೊತೆಯ ಹುಡುಗರಿಗೆ, "ಮಾರಾಜ್ರು ಸಂಜೆ ರೈಲಿಗೆ ಬತ್ತಾರಂತೆ ಕಣ್ಲಾ" ಅಂತ ಸುದ್ದಿ ಬೇರೆ ಹೇಳುತ್ತಿದ್ದೆ. ಮಹಾರಾಜರ ದಾರಿ ಕಾಯುತ್ತಾ ನಾವು ಹಳಿ ಪಕ್ಕ ನಿಂತರೆ ನಮ್ಮ ದನಗಳು ಪರರ ಹುರುಳಿ ಹೊಲ ಮೇಯ್ದವು. ಅವತ್ತು ಬಿದ್ದ ಏಟು ಯಾವ ತಂತಿಯೂ ಇಲ್ಲದೆ ಊರಿಗೆಲ್ಲ ಕೇಳಿಸಿತು.

ಈಗ ತಂತಿ ಬೇಕು ಅಂದಾಗ ನನಗೆ ಮೊದಲು ನೆನಪಾದವನು ನನ್ನ ಷಡ್ಡಕ ಪುಟ್ಟಸ್ವಾಮಿ, ನಿಂಗಮ್ಮನ ತಂಗಿಯ ಗಂಡ. ಅವನಿಗೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ. ನಮ್ಮ ಕಡೆ ಬಾಯಲ್ಲಿ ಆ ಊರನ್ನು ಬ್ಲಫ್ಫು ಅನ್ನುತ್ತೇವೆ. ಮಳವಳ್ಳಿಯ ಮೇಲೆ ಬಸ್ಸಿನಲ್ಲಿ ಹೋದೆ. ಕೂತ ಸೀಟಿನಿಂದ ಎಷ್ಟು ಸಲ ಎದ್ದೆನೋ, ಪಕ್ಕದ ಹೆಂಗಸು, "ಮುಂದ್ಕೋಗಿ ನೀವೇ ಓಡ್ಸಿ" ಅಂದಳು.

ಪುಟ್ಟಸ್ವಾಮಿ ನನ್ನ ಮಾತು ಕೇಳಿ ದೊಡ್ಡದಾಗಿ ನಕ್ಕ. "ನಮ್ ಕರೆಂಟು ಇಲ್ಲಿಂದ ಒಂಟು ಚಿನ್ನದ್ ಗಣಿಗಂಟ ಓಗದೆ ಕಣಣ್ಣಾ, ತಂತಿ ಮ್ಯಾಲೆ! ನಿನ್ ಬಾಣಂತಿ ಕ್ವಾಣೆ ಯಾವ್ ಲೆಕ್ಕ?" ಅಂದ. ಹೋಗಿ, ತನ್ನ ಮನೆ ಹಿತ್ತಲಲ್ಲಿ ಬಟ್ಟೆ ಒಣಹಾಕುವುದಕ್ಕೆ ಕಟ್ಟಿಕೊಂಡಿದ್ದ ಹಳೇ ತಂತಿಯನ್ನೇ ಬಿಚ್ಚಿ ಕೊಟ್ಟ. ಹೆಬ್ಬೆರಳು ದಪ್ಪ. ಸುರುಳಿ ಸುತ್ತಲು ಹೋದರೆ ಎದ್ದು ನಿಂತು ಹೊಡೆಯಲು ಬರುತ್ತಿತ್ತು. "ದಪ್ಪ ಇದ್ದಸ್ಟೂ ಮಾತು ಸಲೀಸಾಗಿ ಓಯ್ತದೆ ಬುಡು" ಅಂದ. ಅವನು ಕಂಡದ್ದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಹೋಗುವ ತಂತಿ. ಬಾಣಂತಿ ಕೋಣೆಗೆ ಹೋಗುವ ತಂತಿ ಅವನಿಗಾದರೂ ಹೇಗೆ ಗೊತ್ತಾಗಬೇಕು? ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಬಂದರೆ ಕಂಡಕ್ಟರು ಹತ್ತಿಸಿಕೊಳ್ಳಲಿಲ್ಲ. ತಂತಿಯನ್ನು ಷಡ್ಡಕನ ಬಟ್ಟೆಗಳಿಗೇ ಬಿಟ್ಟು ಬಂದೆ.

ಮಾರನೇ ದಿವಸ ಮಂಡ್ಯ. ಪೇಟೆ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿಯವನೊಬ್ಬ. ಸಣ್ಣ ವಯಸ್ಸು, ಸಮಾಧಾನದ ಮನುಷ್ಯ. ನನಗೆ ಅಂಥವರನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

"ಎಷ್ಟುದ್ದ ಬೇಕು ಯಜಮಾನ್ರೇ?"

"ನಮ್ಮ ಮನೆ ತೊಟ್ಟಿ ದಾಟೋವಷ್ಟು."

"ನಿಮ್ಮ ಮನೆ ತೊಟ್ಟಿ ನಾನು ನೋಡಿಲ್ವಲ್ಲ."

ನಾನು ಅಂಗಡಿಯ ಮೆಟ್ಟಿಲಿಂದ ಇಳಿದು, ಬೀದಿಯಲ್ಲೇ ರೇಡಿಯೋ ಇಲ್ಲಿ, ಕಂಬ ಇಲ್ಲಿ, ಬಚ್ಚಲು ಇಲ್ಲಿ ಅಂತ ನಡೆದು ತೋರಿಸಿದೆ. ಸೈಕಲ್ಲಿನವನೊಬ್ಬ ನಮ್ಮ ಬಚ್ಚಲ ಮೇಲೇ ಹಾದುಹೋದ. ಅಂಗಡಿಯವನು ಎಲ್ಲ ನೋಡಿ, "ಸರಿ. ತಂತಿ ನೆಲದ ಮೇಲೆ ಹೋಗುತ್ತೋ, ಮೇಲೆ ಹೋಗುತ್ತೋ?" ಅಂದ. ಮೇಲೆ ಅಂದೆ. "ಹಾಗಾದ್ರೆ ಹತ್ತೋದು, ಇಳಿಯೋದು ನಡೀಲಿಲ್ಲ ನೀವು" ಅಂದ. ಹೌದಲ್ಲ! ಬೀದಿಯಲ್ಲಿ ಹತ್ತುವುದಾದರೂ ಎಲ್ಲಿಗೆ? ಧಾರಾಳವಾಗಿ ಕತ್ತರಿಸು ಅಂದೆ.

ತಂತಿ ತೋರಿಸಿದ. ಕರೆಗಂಟೆಗೆ ಹಾಕುವ ಸಣ್ಣ ತಂತಿ ಒಂದು. ಅದರಲ್ಲಿ ಹೋದರೆ ದನಿ ಸೊರಗುತ್ತದೆ ಅಂದ. ಕಪ್ಪು ತಂತಿ ಒಂದು. ಬಾಣಂತಿ ಕೋಣೆಗೆ ಕಪ್ಪು ತಂದರೆ ನಿಂಗಮ್ಮ ನನ್ನನ್ನೂ ಸೇರಿಸಿ ಆಚೆಗೆ ಹಾಕುತ್ತಾಳೆ. ಕೊನೆಗೆ ಕೆಂಪು ಹಳದಿ ಹೊಸೆದದ್ದು ಒಂದು ಕಣ್ಣಿಗೆ ಬಿತ್ತು. ಅರಿಸಿನ ಕುಂಕುಮದ ಬಣ್ಣ. "ಇದ್ರಲ್ಲಿ ಹೋಗ್ತದಾ?" ಅಂದೆ. "ಚೆನ್ನಾಗಿ ಹೋಗ್ತದೆ" ಅಂದ. ಮರದ ಡಬ್ಬಿಯೊಳಗೆ ಕೂರಿಸಿದ ಒಂದು ಸ್ಪೀಕರನ್ನೂ ಕೊಟ್ಟು, ರೇಡಿಯೋದ ಬೆನ್ನಲ್ಲಿ ಎರಡು ತೂತು ಇರುತ್ತದೆ, ಅದಕ್ಕೆ ಸಿಕ್ಕಿಸಿ, ಆಗ ನಡುಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೋಣೆಯಲ್ಲಿ ಮಾತ್ರ ಮಾತಾಡುತ್ತದೆ ಅಂತ ಹೇಳಿಕೊಟ್ಟ. ಅವನು ಇನ್ನೂ ಏನೋ ಹೇಳುತ್ತಿದ್ದ, ನಾನು ಬಸ್ ಸ್ಟ್ಯಾಂಡಿನ ಅರ್ಧ ದಾರಿಯಲ್ಲಿದ್ದೆ.

ಮನೆಗೆ ಬಂದು ಸುತ್ತಿಗೆ ಮೊಳೆ ಎತ್ತಿಕೊಂಡರೆ ನಿಂಗಮ್ಮ ಅಡ್ಡ ಬಂದಳು.

"ಅಸಿ ಬಾಣಂತಿ ಮನೇಲಿ ಮೊಳೆ ಒಡೀತಾರಾ ಯಾರಾದ್ರೂ? ಕೂಸು ಬೆಚ್ಬೀಳ್ತದೆ."

"ಮತ್ತೆ ತಂತಿ ಗಾಳೀಲಿ ನಿಂತ್ಕತದಾ?"

"ಅದ್ ನಿಮ್ಗೆ ಗೊತ್ತು."

ಸರಿ, ಬಾಳೆ ನಾರು ಸೀಳಿ, ಜಂತೆಗೆ ಕಟ್ಟಿಕೊಂಡು ಜಂತೆಯಿಂದ ಜಂತೆಗೆ ಎಳೆದೆ. ಏಣಿ ಹತ್ತಿದ್ದು ಇಳಿದದ್ದು ನೋಡಿ ನಮ್ಮ ಮನೆಯ ಬೆಕ್ಕು ಊರು ಬಿಟ್ಟಿತು. ತೊಟ್ಟಿಯ ಮೇಲೆ ಜಂತೆಯಿಲ್ಲ, ಆಕಾಶ. ಈಚೆ ಕಂಬದಿಂದ ಆಚೆ ಕಿಟಕಿಗೆ ಬಿಗಿಯಾಗಿ ಎಳೆದು ಕಟ್ಟಬೇಕು ಅನ್ನುವಾಗ ನಿಂಗಮ್ಮ ಮತ್ತೆ ಬಂದಳು. ಅವಳ ಮುಖದಲ್ಲಿ ಒಂದು ಹೊಸ ಯೋಚನೆ ಇತ್ತು. ಆ ಮುಖ ಕಂಡರೆ ನನಗೆ ಇವತ್ತಿಗೂ ಭಯ.

"ಅಲ್ಲಾ, ಈ ತಂತೀದು ಒಂದು ತುದಿ ಪುರುಡಿನ್ ಕ್ವಾಣೇಲಿರ್ತದೆ. ಇನ್ನೊಂದು ತುದಿ ನಡುಮನೇಲಿ, ದೇವ್ರ ಪಟದ ಕೆಳಗೆ. ಪುರುಡು ತಂತಿ ಇಡ್ಕಂಡು ಈ ಕಡೀಕೆ ಬರಾಕಿಲ್ವಾ?"

ಅದೂ ಹೌದು. ಮಾತು ಆ ಕಡೆ ಹೋಗುವುದಾದರೆ ಪುರುಡು ಈ ಕಡೆ ಯಾಕೆ ಬರಬಾರದು? ಗುಡಿಯ ಐನೋರು ಬೀದಿಯಲ್ಲಿ ಹೋಗುತ್ತಿದ್ದರು, ಹಿಡಿದು ನಿಲ್ಲಿಸಿ ಕೇಳಿದೆ. ಅವರು ಬಹಳ ಹೊತ್ತು ತಂತಿ ನೋಡಿದರು. "ಕರೆಂಟು ಅನ್ನೋದು ಅಗ್ನಿ. ಅಗ್ನಿಗೆ ಸೂತಕ ಇಲ್ಲ. ಮೇಲಿನ ಹೊದಿಕೆ ನೂಲಾಗಿದ್ದರೆ ತಗುಲುತ್ತೆ, ರೇಷ್ಮೆಯಾದರೆ ತಗುಲೋದಿಲ್ಲ. ಇದು ಏನಪ್ಪ, ಪ್ಲಾಸ್ಟಿಕ್ಕು" ಅಂದರು. "ಪ್ಲಾಸ್ಟಿಕ್ಕಿನ ವಿಚಾರ ನಮ್ಮ ತಂದೆಯವರು ಹೇಳಿಕೊಟ್ಟಿಲ್ಲ. ಮನೆಯಲ್ಲಿ ಹೆಂಗಸರನ್ನೇ ಕೇಳು." ಹೇಳಿ ಹೊರಟೇಹೋದರು.

ಮನೆಯ ಹೆಂಗಸು ತೀರ್ಪು ಕೊಟ್ಟಳು. ತಂತಿಯನ್ನು ತೊಟ್ಟಿಯ ನಡುವೆ ಕತ್ತರಿಸಬೇಕು. ಆಚೆ ತುಂಡು ಪುರುಡಿನದು, ಈಚೆ ತುಂಡು ಮಡಿಯದು. ನಡುವೆ ಬರೀ ಕೊಕ್ಕೆ. ಪುರುಡು ಕಳೆದ ದಿವಸ ಕೊಕ್ಕೆ ಬಿಚ್ಚಿ ಆಚೆ ತುಂಡನ್ನು ತೊಳೆಯಬೇಕು. ಗಟ್ಟಿಯಾಗಿ ಹೊಸೆಯುತ್ತೇನೆ, ಟೇಪು ಸುತ್ತುತ್ತೇನೆ ಅಂದರೆ ಒಪ್ಪಲಿಲ್ಲ. "ಹೊಸೆದ್ರೆ ಒಂದೇ ಆಗೋಯ್ತಲ್ಲ?" ಅಂದಳು. ಅಷ್ಟು ಹೊಸ ತಂತಿಯನ್ನು ಕತ್ತರಿಸುವಾಗ ನನ್ನ ಕರುಳೇ ಕತ್ತರಿಸಿದ ಹಾಗಾಯಿತು. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಕೊಕ್ಕೆ ಮಾಡಿ, ಒಂದಕ್ಕೊಂದು ತಗುಲದ ಹಾಗೆ ಅಗಲಿಸಿ ಸಿಕ್ಕಿಸಿದೆ.

ಸ್ಪೀಕರಿನ ಡಬ್ಬಿಯನ್ನು ಕೋಣೆಯೊಳಗಿಡುವ ಕೆಲಸ ನಿಂಗಮ್ಮನದೇ. ನಾನು ಹೊಸ್ತಿಲಾಚೆ ನಿಂತು, "ಎರಡೂ ಎಳೆ ತಿರುಪಿಗೆ ಸುತ್ತಮ್ಮಿ, ಒಂದಕ್ಕೊಂದು ಮುಟ್ಟಬಾರ್ದು" ಅಂತ ಕೂಗಿದೆ. ಅವಳು ಸುತ್ತಿ, ಡಬ್ಬಿಯ ಮುಖವನ್ನು ಗೋಡೆಗೆ ತಿರುಗಿಸಿಟ್ಟಳು. ಕೂಸಿನ ಕಡೆ ನೋಡಬಾರದಂತೆ. ಇನ್ನೊಂದು ಷರತ್ತು: ಜಯ ಕಿವಿಗೆ ಕಟ್ಟಿದ ಬಟ್ಟೆ ಬಿಚ್ಚುವ ಹಾಗಿಲ್ಲ, ಶೀತ ಹೊಗುತ್ತದೆ. ಇಷ್ಟು ದೂರದಿಂದ ತಂತಿ ಎಳೆದದ್ದು ಅರಳೆ ತುರುಕಿದ ಕಿವಿಗೆ! "ಕೇಳಾಕೆ ಸುರು ಆದಾಗ ನಾನೇ ಒಂದೀಟು ಸರಿಸ್ಕತೀನಿ, ನೀನು ಸುಮ್ಕಿರಪ್ಪ" ಅಂತ ಜಯ ಒಳಗಿಂದ ಪಿಸುಗುಟ್ಟಿದಳು. ಬಹಳ ದಿವಸದ ಮೇಲೆ ಅವಳ ದನಿಯಲ್ಲಿ ಒಂದು ತುಂಟತನ ಕೇಳಿತು.

ಗುರುವಾರ ಹಾಕಿ ನೋಡಿದೆವು. ನಡುಮನೆಯ ರೇಡಿಯೋ ಮೈ ಬೆಚ್ಚಗಾಗಿ, ಬಾಯಿ ಮುಚ್ಚಿಕೊಂಡೇ ಕೂತಿತು. ಆ ಕಡೆಯಿಂದ ಜಯ, "ಬಂತು ಅಪ್ಪಾ! ಯಾರೋ ಕೋಳಿ ರೋಗದ ಇಚಾರ ಮಾತಾಡ್ತಾವ್ರೆ!" ಅಂತ ಕೂಗಿದಳು. ಕೋಳಿ ರೋಗದ ವಿಚಾರ ಕೇಳಿ ಇಷ್ಟು ಹಿಗ್ಗಿದ ಮನೆ ಈ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಶುಕ್ರವಾರ ನನಗೆ ಬೆಳಗಾದದ್ದೇ ಸಂಜೆಯನ್ನು ಕಾಯುವುದಕ್ಕೆ. ಗದ್ದೆಗೆ ಹೋದೆ, ತಿರುಗಿ ಬಂದೆ. ಕೊಕ್ಕೆ ನೋಡಿದೆ. ಬಾವಿಗೆ ಹೋದೆ, ಕೊಡ ಮರೆತು ಬಂದೆ. ಕೊಕ್ಕೆ ನೋಡಿದೆ. ಕರೆಂಟು ಹೋದರೆ ಅಂತ ಒಂದು ದಿಗಿಲು. ಪುಟ್ಟಸ್ವಾಮಿ ಬ್ಲಫ್ಫಿನಲ್ಲಿ ಏನಾದರೂ ಕೈಯಾಡಿಸಿಬಿಟ್ಟರೆ ಅಂತ ಇನ್ನೊಂದು. ಊರವರೆಲ್ಲ ನಮ್ಮ ಅಳಿಯಂದಿರ ಮಾತು ಕೇಳಲು ಪಟೇಲರ ಜಗುಲಿಗೆ ಹೊರಟರು. ಸಾಕಮ್ಮನೂ ಹೋದಳು. ಹೋಗುವಾಗ, "ನಿಮ್ಮ ರೇಡಿಯೋಗೆ ಅಪ್ಪಿತಪ್ಪಿ ಪುರುಡು ಅಂಟ್ಕಂಡ್ರೆ ನಮ್ಗೂ ಸುತ್ಕತದೆ ಕಣಪ್ಪ" ಅಂತ ಒಂದು ಮಾತು ಬಿಟ್ಟೇ ಹೋದಳು.

ದೀಪ ಹಚ್ಚುವ ಹೊತ್ತು. ನಾನು ರೇಡಿಯೋದ ಮುಂದೆ ನಿಂತಿದ್ದೆ. ಮುಳ್ಳು ಮೈಸೂರಿನ ಮೇಲಿತ್ತು. ಸದ್ದಿಲ್ಲದ ರೇಡಿಯೋದ ಮುಂದೆ ನಿಲ್ಲುವುದು ಎಷ್ಟು ಕಷ್ಟ ಅಂತ ನಿಂತು ನೋಡಿದವರಿಗೇ ಗೊತ್ತು. ಆ ಕಡೆಯಿಂದ ಜಯ, "ಸುರುವಾಯ್ತು! ಎಸ್ರು ಏಳುದ್ರು! ಅವ್ರ್ದೇ!" ಅಂದಳು. ಆಮೇಲೆ ಒಂದು ಉಸಿರಿನಷ್ಟು ಹೊತ್ತಿಗೆ, "ಅಪ್ಪಾ! ನಿಂತೋಯ್ತು! ಅಪ್ಪಾ!"

ತೊಟ್ಟಿಗೆ ಓಡಿದರೆ ನಿಂಗಮ್ಮ ಕೈತುಂಬ ಕೂಸಿನ ಬಟ್ಟೆ ಹಿಡಿದು ನಿಂತಿದ್ದಾಳೆ. ತಂತಿ ಕೊಕ್ಕೆ ಕಳಚಿ ಎರಡು ತುಂಡಾಗಿ ಜೋತುಬಿದ್ದಿದೆ.

"ಏನ್ ಮಾಡ್ದೆ?"

"ಏನಿಲ್ಲ ಕಣ್ರೀ. ಮುಸ್ಸಂಜೆ ಆಯ್ತಲ್ಲ, ಕೂಸಿನ ಬಟ್ಟೆ ಕತ್ಲಲ್ಲಿ ಆಚೆ ಬುಡಬಾರ್ದಲ್ಲ. ಅವ್ಸರಕ್ಕೆ ಎಳ್ದೆ."

"ತಂತಿ ಮ್ಯಾಲೆ ಒಣಾಕಿ‍ದ್ದಾ? ರೇಡಿಯೋ ತಂತಿ ಮ್ಯಾಲೆ?"

"ಎಲ್ಲಾ ಅಲ್ಲ! ಆ ಕಡೆ ತುಂಡಿನ್ ಮ್ಯಾಲೆ ಮಾತ್ರ. ಪುರುಡಿನ್ ಬಟ್ಟೆ, ಪುರುಡಿನ್ ತಂತಿ. ಎಲ್ಡೂ ಒಂದೇ ಅಲ್ವಾ?"

ಪುರುಡಿನ ನ್ಯಾಯ ಮಾಡುತ್ತಾ ನಿಲ್ಲುವ ಹೊತ್ತು ಅದಲ್ಲ. ಒಳಗೆ ಜಯ, "ಅಪ್ಪಾ, ಓಯ್ತಾ ಅದೆ, ಮಾತು ಓಯ್ತಾ ಅದೆ" ಅಂತ ಗೋಳಿಡುತ್ತಿದ್ದಳು. ಕೊಕ್ಕೆಗಳು ಎಳೆತಕ್ಕೆ ನೆಟ್ಟಗಾಗಿಬಿಟ್ಟಿದ್ದವು. ಬಗ್ಗಿಸಿ ಸಿಕ್ಕಿಸಲು ಹೋದೆ, ಈಚೆ ತುಂಡು ಮೇಲಕ್ಕೆ ಸರಿದು ಗಿಡ್ಡವಾಗಿತ್ತು, ಸಿಗಲೊಲ್ಲದು. ಒರಳುಕಲ್ಲಿನ ಮೇಲೆ ಹತ್ತಿ, ಕೈ ಮೇಲೆತ್ತಿ, ಕೆಂಪು ತುದಿಗಳೆರಡನ್ನು ಎಡಗೈ ಬೆರಳಲ್ಲಿ, ಹಳದಿ ತುದಿಗಳೆರಡನ್ನು ಬಲಗೈ ಬೆರಳಲ್ಲಿ ಒತ್ತಿ ಹಿಡಿದೆ.

"ಅಯ್ಯೋ, ಪುರುಡಿನ್ ತುಂಡು ಮುಟ್ಬುಟ್ರಾ!" ಅಂದಳು ನಿಂಗಮ್ಮ.

"ಬತ್ತಾ ಅದೆ!" ಅಂತ ಒಳಗಿಂದ ಜಯ ಚೀರಿದಳು. "ಬತ್ತಾ ಅದೆ ಅಪ್ಪಾ! ಅಲ್ಲಾಡಬ್ಯಾಡ!"

ನಿಂಗಮ್ಮ ಕೈಲಿದ್ದ ಬಟ್ಟೆಯನ್ನೆಲ್ಲ ಎದೆಗೆ ಅವುಚಿಕೊಂಡು, "ಇಡ್ಕಳ್ಳಿ, ಇಡ್ಕಳ್ಳಿ! ನೀರು ಆಮ್ಯಾಲೆ ಉಯ್ಕಂಡ್ರಾಯ್ತು!" ಅಂದಳು. ಶಾಸ್ತ್ರ ಅಷ್ಟು ಬೇಗ ಬದಲಾದದ್ದನ್ನು ನಾನು ಕಂಡಿಲ್ಲ.

ನಾನು ನಿಂತೆ. ನೀವು ನನ್ನನ್ನು ಕಂಡಿದ್ದರೆ ನಿಮಗೆ ಅರ್ಥವಾಗುತ್ತಿತ್ತು. ಕೈ ತುಸು ಕದಲಿದರೂ ಒಳಗಿಂದ "ಅಪ್ಪಾ!" ಸೊಳ್ಳೆ ಬಂದು ಕತ್ತಿನ ಮೇಲೆ ಕೂತಿತು, ಕೂರಲಿ ಅಂದೆ. ಮೂಗಿನ ತುದಿ ಕಡಿಯಿತು. ಪಂಚೆ ಸಡಿಲವಾಗುತ್ತಿತ್ತು, ಆ ದೇವರೇ ಕಾಯಬೇಕಿತ್ತು. ಅಳಿಯಂದಿರ ಮಾತು ನನ್ನ ಬೆರಳುಗಳ ನಡುವೆ ಹಾದುಹೋಗುತ್ತಿತ್ತು, ಆದರೆ ಒಂದು ಅಕ್ಷರ ನನಗೆ ಕೇಳುತ್ತಿರಲಿಲ್ಲ. ಗೋಣಿ ತುರುಕಿದ ಕಿಟಕಿಯಾಚೆ ಒಂದು ಗುಂಗು, ಅಷ್ಟೇ.

ಆಗ ಒಳಗಿಂದ ಒಂದು ಸದ್ದು ಬಂತು. ಬಿಕ್ಕಿದ ಹಾಗೆ. ಮತ್ತೊಂದು ಸಲ ಬಂತು.

"ಅಳ್ತಾವ್ಳಾ ನೋಡಮ್ಮಿ" ಅಂದೆ. ನಿಂಗಮ್ಮ ಬಟ್ಟೆ ಸಮೇತ ಕೋಣೆಯೊಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು. ತಿರುಗಿ ಬರಲಿಲ್ಲ. ಏನಂದುಬಿಟ್ಟನೋ ಈ ಮಹರಾಯ? ಕಬ್ಬಿನ ಮಾತಿಗೆ ಯಾರಾದರೂ ಅಳುತ್ತಾರೆಯೇ? ಕೈಬಿಟ್ಟು ಓಡಿಹೋಗಿ ಬಾಗಿಲು ತಳ್ಳಬೇಕು ಅನ್ನಿಸಿತು. ಬಿಟ್ಟರೆ ಅವಳಿಗೆ ಮಿಕ್ಕ ಮಾತು ಇಲ್ಲ. ಹಿಡಿದರೆ ನನಗೆ ಅವಳ ಮುಖ ಇಲ್ಲ. ಹಿಡಿದೆ.

ಆಮೇಲೆ ನಿಂಗಮ್ಮನ ದನಿ ಕೇಳಿತು. ಅದು ಅಳುವಲ್ಲ. ಅವಳು ನಕ್ಕರೆ ಕೊಟ್ಟಿಗೆಯ ಹಸುವೂ ತಿರುಗಿ ನೋಡುತ್ತದೆ, ಅಂಥ ನಗು. ಅದರ ಜೊತೆಗೆ ಜಯನದೂ ಸೇರಿಕೊಂಡಿತು. ಕೂಸು ಎದ್ದು ಕಿರುಚಿಕೊಂಡಿತು.

"ಏನಂತ್ರವ್ವಾ?" ಅಂತ ಒರಳುಕಲ್ಲಿನ ಮೇಲಿಂದ ಕೂಗಿದೆ. "ಯಾರಾರೂ ಏಳ್ರವ್ವಾ!"

ಜಯ ಕಿಟಕಿಯ ಗೋಣಿಯನ್ನೇ ಒಂದಿಷ್ಟು ಸರಿಸಿ ಹೇಳಿದಳು. ಹೇಳುವಾಗಲೂ ನಗು ತಡೆಯಲಾರಳು.

"ಆ ರೇಡಿಯೋದೋರು ಕೇಳುದ್ರು ಕಣಪ್ಪ, ನಿಮ್ಮ ಮನೇಲಿ ಗದ್ದೆ ಕೆಲ್ಸಕ್ಕೆ ಎಷ್ಟು ಜನ ಇದೀರಿ ಅಂತ. ಇವ್ರು, ಐದ್ ಜನ ಸಾ, ಅಂದ್ರು. ಯಾರ್ಯಾರು ಅಂದ್ರೆ, ಅಪ್ಪ, ಅವ್ವ, ನಾನು, ನಮ್ಮನೆಯೋರು ಅಂದ್ರು. ನಾಲ್ಕೇ ಆಯ್ತಲ್ಲ, ಐದನೆಯೋರು ಯಾರು ಅಂದ್ರು ಅವ್ರು."

"ಊಂ?"

"ಐದನೇಳು ಓದ್ವಾರ ಬಂದವ್ಳೆ ಸಾ, ಅಂದ್ರು. ಇನ್ನೂ ಕಣ್ಣೇ ಸರ್ಯಾಗಿ ಬುಟ್ಟಿಲ್ಲ, ಬಂದ್ ಕೂಡ್ಲೇ ಅವ್ರಪ್ಪನ ನಿದ್ದೆ ಕೆಡಿಸವ್ಳೆ, ಇನ್ ಮ್ಯಾಲೆ ಮನೆ ಯಜಮಾನ್ಕೆ ಅವಳ್ದೇ ಸಾ, ಅಂದ್ಬುಟ್ರು! ರೇಡಿಯೋದಯ್ಯನೂ ನಕ್ಬುಟ್ಟ ಕಣಪ್ಪ!"

ಅವಳ ಹಿಂದೆ ನಿಂಗಮ್ಮ, "ಅನ್ನ ಆಕ್ಲಾ? ಒಂದ್ ತುತ್ತಾದ್ರೂ ತಿಂತೀಯಾ?" ಅಂತ ಕೇಳುತ್ತಿದ್ದಳು. "ಆಕವ್ವ, ಜಾಸ್ತಿನೇ ಆಕು" ಅಂತ ಜಯ ಹೇಳಿದ್ದೂ ನನಗೆ ಕೇಳಿತು.

ಅಷ್ಟು ಹೊತ್ತಿಗೆ ಪಟೇಲರ ಜಗುಲಿಯ ಕಡೆಯಿಂದ ಊರವರು ಮಾತಾಡಿಕೊಂಡು ತಿರುಗಿ ಬರುವುದು ಬೀದಿಯಲ್ಲಿ ಕೇಳಿಸುತ್ತಿತ್ತು. ಎಲ್ಲರಿಗಿಂತ ಮುಂದೆ ಸಾಕಮ್ಮನ ದನಿ: "ನಾನಂದಿರ್ನಿಲ್ವಾ, ಆ ಉಡುಗ ಚಿನ್ನ ಅಂತ?"

"ಇನ್ನೊಂದ್ಸಲ ಏಳವ್ವ" ಅಂದೆ ಜಯನಿಗೆ.

ಅವಳು ಮೊದಲಿಂದ, ಗದ್ದೆ ಕೆಲಸಕ್ಕೆ ಎಷ್ಟು ಜನ ಅನ್ನುವಲ್ಲಿಂದ, ಮತ್ತೆ ಹೇಳಿದಳು. ಕಬ್ಬಿನ ಮಾತು ಯಾವಾಗಲೋ ಮುಗಿದು, ಮಂಡ್ಯದ ಬೆಲ್ಲದ ಧಾರಣೆ ಬರುತ್ತಿತ್ತಂತೆ. ಬಿಡಿ ಅಂತ ನನಗೆ ಯಾರೂ ಹೇಳಲಿಲ್ಲ. ನಾನು ಒರಳುಕಲ್ಲಿನ ಮೇಲೆ ಎರಡು ಕೈಯೆತ್ತಿ ನಿಂತಿದ್ದೆ. ಬೆಲ್ಲದ ಧಾರಣೆ ನನ್ನ ಬೆರಳುಗಳ ನಡುವೆ ಹಾದು ಕೋಣೆಯೊಳಕ್ಕೆ ಹೋಗುತ್ತಿತ್ತು. ಅದೂ ಹೋಗಲಿ ಅಂತ ಹಿಡಿದುಕೊಂಡೇ ಇದ್ದೆ.